ಡ್ಯೂಕನ ಪಾಲಿನ ಮಾಂಸ

ಮೇಜರ್ ಸಾಹೇಬರ ನಾಯಿಯ ಹುಟ್ಟುಹಬ್ಬಕ್ಕೆಂದು ಬೇಯಿಸಿದ ಎರಡು ಕಿಲೋ ಆಡಿನ ಮಾಂಸವನ್ನು ತಿಂದ ತಪ್ಪಿಗೆ ಸಿಪಾಯಿ ಸಂಕಪ್ಪನನ್ನು ಸೈನ್ಯದಿಂದ ಹೊರಗೆ ಹಾಕಿದರು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ನಾಯಿಗೆ ನಾಲ್ಕು.

ಸೈನ್ಯದ ಕಾಗದದಲ್ಲಿ ಮಾತ್ರ ನಾಯಿಯ ಸುದ್ದಿ ಇಲ್ಲ. ಮಾಂಸದ ಸುದ್ದಿಯೂ ಇಲ್ಲ. ‘ಸುವ್ಯವಸ್ಥೆಗೂ ಶಿಸ್ತಿಗೂ ಕುಂದು ತರುವ ನಡತೆ’ ಎಂದು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದು, ಇಪ್ಪತ್ತೆಂಟು ದಿನ ಒಳಗೆ ಕೂರಿಸಿ, ಹೊರಗೆ ಬಂದ ಮೇಲೆ ಟ್ರಂಕು ಹೊರಿಸಿ ರೈಲು ಹತ್ತಿಸಿದರು. ಕೆಂಪು ಶಾಯಿಯ ಸಾಲು ನಾಲ್ಕಾದರೆ ಸಿಪಾಯಿಯನ್ನು ಮನೆಗೆ ಕಳಿಸಬಹುದು ಎಂಬುದು ಅಲ್ಲಿಯ ಕ್ರಮ. ಸಂಕಪ್ಪನದ್ದು ನಾಲ್ಕಾಗಿತ್ತು.

ಮೊದಲಿನ ಮೂರನ್ನು ಅವನು ಅಲ್ಲಗಳೆಯುವುದಿಲ್ಲ. ಒಂದನೆಯದು, ರಜೆ ಮುಗಿದು ಹನ್ನೊಂದು ದಿನ ತಡವಾಗಿ ಹೋದದ್ದು. ಅದರಲ್ಲಿ ಎರಡು ದಿನ ಬಸ್ ಮುಷ್ಕರದ ತಪ್ಪು, ಒಂಬತ್ತು ದಿನ ಕೋಳಿ ಅಂಕದ ತಪ್ಪು. ಎರಡನೆಯದು, ಕಾವಲಿಗೆ ನಿಂತಲ್ಲಿ ರಮ್ ಕುಡಿದು ನಿದ್ದೆ ಹೋದದ್ದು. ಮೂರನೆಯದು, ಊಟದ ಸಾಲಿನಲ್ಲಿ ‘ನಿನ್ನದು ಯಾವ ಜಾತಿ’ ಎಂದು ಕೇಳಿ, ಉತ್ತರ ಸಿಕ್ಕಿದ ಮೇಲೆ ತನ್ನ ತಟ್ಟೆಯನ್ನು ಆಚೆಗೆ ಎಳೆದುಕೊಂಡ ಹವಾಲ್ದಾರನ ಮುಂದಿನ ಹಲ್ಲನ್ನು ಅದೇ ತಟ್ಟೆಯಿಂದ ಬೀಳಿಸಿದ್ದು. ಹಲ್ಲು ಬಿದ್ದದ್ದು ದಾಖಲಾಯಿತು. ತಟ್ಟೆ ಎಳೆದದ್ದನ್ನು ಬರೆಯಲು ಅವರ ಹತ್ತಿರ ಯಾವ ಬಣ್ಣದ ಶಾಯಿಯೂ ಇರಲಿಲ್ಲ.

ಡಿಸ್ಚಾರ್ಜ್ ಬುಕ್ಕಿನಲ್ಲಿ ಚಾರಿತ್ರ್ಯ ಎಂಬೊಂದು ಖಾನೆ ಇದೆ. ಅಲ್ಲಿ ‘ಸಾಧಾರಣ’ ಎಂದಿದೆ. ಕಾರಣದ ಖಾನೆಯಲ್ಲಿ ‘ಸೇವೆ ಇನ್ನು ಬೇಕಾಗಿಲ್ಲ’ ಎಂದಿದೆ. ಇಷ್ಟನ್ನು ಟ್ರಂಕಿನಲ್ಲಿ ಬೀಗ ಹಾಕಿಟ್ಟು ಸಂಕಪ್ಪ ಇಪ್ಪತ್ತು ವರ್ಷ ನೆಲ್ಯಾಡಿ ಕಡೆಯ ಪೈಲಿ ಚೇಟ್ಟನ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡಿದ. ಬೆಳಕು ಹರಿಯುವ ಮೊದಲು ಹಣೆಗೆ ಲೈಟು ಕಟ್ಟಿಕೊಂಡು ಮುನ್ನೂರು ಮರಕ್ಕೆ ಕತ್ತಿ ಎಳೆಯುವುದು, ಬಿಸಿಲೇರಿದ ಮೇಲೆ ಮರಕ್ಕೆ ಕಟ್ಟಿದ ತೆಂಗಿನ ಚಿರಟೆಗಳಿಗೆ ಇಳಿದ ಹಾಲನ್ನು ಬಕೆಟ್ಟಿಗೆ ಸುರಿದು ತರುವುದು. ಊರವರು ಅವನನ್ನು ‘ಮಿಲ್ಟ್ರಿ’ ಎಂದು ಕರೆದರು. ಗೌರವಕ್ಕೆ ಕರೆದದ್ದಲ್ಲ ಎಂದು ಕರೆದವರಿಗೂ ಗೊತ್ತಿತ್ತು, ಕರೆಸಿಕೊಂಡವನಿಗೂ ಗೊತ್ತಿತ್ತು.

ಟ್ರಂಕಿನ ಬೀಗ ತೆಗೆಸಿದ್ದು ಮಗಳು ನಿಶ್ಮಿತಾ. ಪಿಯುಸಿ ಮುಗಿಸಿದ್ದಳು, ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳು. ಜಾತಿಯ ಪಟ್ಟಿಯಲ್ಲಿ ಸರ್ಕಾರಿ ಕಾಲೇಜಿನ ಸೀಟು ಕೂದಲೆಳೆಯಲ್ಲಿ ತಪ್ಪಿತ್ತು.

“ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಸೀಟು ಉಂಟಪ್ಪ. ನೀನು ಮಾಜಿ ಅಲ್ವಾ?”

“ಮಾಜಿ ಹೌದು,” ಅಂದ ಸಂಕಪ್ಪ. “ಸೈನಿಕ ಹೌದಾ ಅಲ್ವಾ, ಕೇಳ್ಬೇಕಷ್ಟೆ.”

ಕೇಳಿಕೊಂಡು ಬಂದ. ಮಾಜಿ ಸೈನಿಕರ ಕಾಗದ ನೋಡುವ ಕಚೇರಿಯ ಗುಮಾಸ್ತ ಪುಸ್ತಕ ತಿರುವಿ, ಚಾರಿತ್ರ್ಯದ ಖಾನೆಯ ಮೇಲೆ ಪೆನ್ನಿನ ಹಿಂಬದಿಯಿಂದ ಎರಡು ಸಲ ಕುಟ್ಟಿದ. “ಇದಕ್ಕೆ ಸರ್ಟಿಫಿಕೇಟ್ ಕೊಡ್ಲಿಕ್ಕೆ ಆಗುದಿಲ್ಲ. ಇದು ‘ಉತ್ತಮ’ ಅಂತ ತಿದ್ದಿ ಬರ್ಬೇಕು. ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ಪ್ರಾಯದಲ್ಲಿ ತಪ್ಪಾಯ್ತು, ಈಗ ಸರಿ ಇದ್ದೇನೆ ಅಂತ ಬರೀರಿ. ದೊಡ್ಡ ಆಫೀಸರ್ ಯಾರಾದ್ರೂ ನಿಮ್ಮ ನಡತೆ ಒಳ್ಳೇದು ಅಂತ ಸಹಿ ಹಾಕಿದ್ರೆ ಬರುವ ವರ್ಷದ ಸೀಟಿಗಾದ್ರೂ ಸಿಕ್ಕೀತು. ಇಲ್ಲದಿದ್ರೆ ನಿಮ್ಮ ಮಗಳಿಗಲ್ಲ, ಮೊಮ್ಮಗಳಿಗೆ.”

*

ಅರ್ಜಿ ಟೈಪ್ ಮಾಡಿಸಲು ಸಂಕಪ್ಪ ಕಡಬ ಪೇಟೆಗೆ ಹೋದ. ಅಲ್ಲಿ ಶುಕೂರನ ಜೆರಾಕ್ಸ್ ಅಂಗಡಿ. ತಾಲೂಕು ಕಚೇರಿಗೆ ಹೋಗುವ ಅರ್ಧ ಕಣ್ಣೀರು ಅವನ ಕಂಪ್ಯೂಟರಿನಲ್ಲಿ ಹಾದುಹೋಗುತ್ತದೆ.

“ಮೂರು ಆಯ್ತು,” ಅಂದ ಶುಕೂರ್, ಬೆರಳು ನಿಲ್ಲಿಸದೆ. “ಇನ್ನು ನಾಲ್ಕನೇದು ಹೇಳಿ ಸಂಕಪ್ಪಣ್ಣ. ಎಂತ ಮಾಡಿದ್ದು?”

“ಮಟನ್ ತಿಂದದ್ದು.”

ಬೆರಳು ನಿಂತಿತು. “ಮಟನ್ ತಿಂದದ್ದಕ್ಕೆ ಮಿಲ್ಟ್ರಿಯಿಂದ ತೆಗೀತಾರಾ? ಹಾಗಾದ್ರೆ ನಮ್ಮಲ್ಲಿ ಮದುವೆಗೆ ಬಂದವ್ರಲ್ಲಿ ಒಬ್ಬ ಉಳೀಲಿಕ್ಕಿಲ್ಲ ಮಾರಾಯ್ರೆ.”

“ಮೇಜರ್ ಸಾಹೇಬ್ರ ನಾಯಿಗೆ ಹುಟ್ಟುಹಬ್ಬ ಇತ್ತು ಶುಕೂರಾಕ. ನಾನು ಅವ್ರ ಮನೆಯಲ್ಲಿ ಸಹಾಯಕ. ಅಂದ್ರೆ ಸಿಪಾಯಿಯೇ. ಆದ್ರೆ ಕೋವಿ ಇಲ್ಲ, ನಾಯಿ.”

“ನಾಯಿಗೆ ಹುಟ್ಟುಹಬ್ಬ?”

“ಕೇಕು ಕೂಡ ಇತ್ತು. ಡ್ಯೂಕ್ ಅಂತ ಹೆಸ್ರು ಬರ್ದಿದ್ರು.”

ಶುಕೂರ್ ಕುರ್ಚಿಯನ್ನು ಪೂರ್ತಿ ಇವನ ಕಡೆಗೆ ತಿರುಗಿಸಿದ. “ನಾನು ಹುಟ್ಟಿದ ತಾರೀಕು ನನ್ನ ಉಮ್ಮನಿಗೇ ಗೊತ್ತಿಲ್ಲ. ಉಪ್ಪಿನಂಗಡಿಗೆ ದೊಡ್ಡ ನೆರೆ ಬಂದ ವರ್ಷ ಅಂತಾರೆ. ಹೂಂ, ಹೇಳಿ, ಮತ್ತೆ?”

“ಮತ್ತೆಂತ. ನಾವು ಮೂರು ಜನ ಅಡುಗೆ ಮನೆಯಲ್ಲಿ. ಒಬ್ಬ ಒಡಿಸ್ಸಾದವ, ಒಬ್ಬ ಬಿಹಾರದವ, ನಾನು. ಬೆಳಿಗ್ಗೆಯಿಂದ ಒಂದು ಚಪಾತಿ. ಮಟನ್ ಬೇಯ್ತಾ ಉಂಟು. ಮೇಮ್‌ಸಾಬ್ ಬ್ಯೂಟಿ ಪಾರ್ಲರಿಗೆ ಹೋದ್ರು. ನಾನು ರುಚಿ ನೋಡಿದೆ. ಆಮೇಲೆ ಒಡಿಸ್ಸಾದವನಿಗೆ ನನ್ನ ನಾಲಗೆ ಮೇಲೆ ನಂಬಿಕೆ ಬರ್ಲಿಲ್ಲ, ಅವನೂ ನೋಡಿದ. ಹೀಗೇ ನೋಡಿ ನೋಡಿ ಪಾತ್ರೆ ಖಾಲಿ.”

“ನಾಯಿಗೆ?”

“ನಮ್ಮ ಪಾಲಿನ ದಾಲು, ಚಪಾತಿ ಹಾಕಿದೆವು. ಬಾಲ ಅಲ್ಲಾಡಿಸ್ಕೊಂಡು ತಿಂತು. ಅದ್ರದ್ದೆಂತ ದೂರಿರ್ಲಿಲ್ಲ.”

“ಹೊಡೆದ್ರಾ?”

“ಮೇಮ್‌ಸಾಬ್ ಬಂದು ‘ಮಟನ್ ಎಲ್ಲಿ’ ಅಂತ ಕೇಳಿದ್ರು. ಉಳಿದ ಇಬ್ರು ಅಳ್ಲಿಕ್ಕೆ ಶುರು ಮಾಡಿದ್ರು. ನನಗೆ ಪ್ರಾಯದ ಪೊಗರು ನೋಡಿ. ‘ಉಪ್ಪು ಸ್ವಲ್ಪ ಕಮ್ಮಿ ಇತ್ತು ಮೇಮ್‌ಸಾಬ್’ ಅಂದೆ.”

ಶುಕೂರ್ ನಕ್ಕು ನಕ್ಕು ಕೆಮ್ಮಿದ. ಕೆಮ್ಮು ನಿಂತ ಮೇಲೆ ಕಂಪ್ಯೂಟರಿನ ಕಡೆ ತಿರುಗಿ, “ಹುಡುಗು ಬುದ್ಧಿಯಿಂದ ಆಹಾರದ ವಿಷಯದಲ್ಲಿ ಅಚಾತುರ್ಯ ನಡೆದಿದ್ದು,” ಎಂದು ಗಟ್ಟಿಯಾಗಿ ಓದುತ್ತಾ ಟೈಪ್ ಮಾಡಿದ. “ಸತ್ಯ ಬರೆದ್ರೆ ಅವ್ರು ಓದಿ ನಗಾಡಿ ಇಟ್ಟುಬಿಡ್ತಾರೆ ಸಂಕಪ್ಪಣ್ಣ. ಅಚಾತುರ್ಯ ಅಂದ್ರೆ ಫೈಲಿಗೆ ಹೋಗ್ತದೆ. ಇನ್ನು ಒಬ್ಬ ದೊಡ್ಡವನ ಸಹಿ. ನಿಮ್ಮೂರಲ್ಲೇ ಇದ್ದಾರಲ್ಲ, ಪಾಲೆತ್ತಡ್ಕದ ಕರ್ನಲ್?”

ಪಾಲೆತ್ತಡ್ಕ ಮನೆಯ ಹಟ್ಟಿಯ ಗೊಬ್ಬರ ತೆಗೆದು ಸಂಕಪ್ಪನ ಅಜ್ಜ ಸತ್ತ. ಅದೇ ಮನೆಯ ಗದ್ದೆ ಉತ್ತು ಅಪ್ಪ ತನಿಯ ಬೆನ್ನು ಬಾಗಿಸಿಕೊಂಡ. ಸಂಕಪ್ಪ ಸೈನ್ಯಕ್ಕೆ ಆಯ್ಕೆಯಾದ ದಿನ ಹಳೆಯ ಧನಿ ತನಿಯನನ್ನು ಅಂಗಳಕ್ಕೆ ಕರೆಸಿ ಒಂದೇ ಮಾತು ಕೇಳಿದ್ದರು: “ಇವನು ಕೋವಿ ಹಿಡೀಲಿಕ್ಕೆ ಹೋದ್ರೆ ಹಾರೆ ಹಿಡೀಲಿಕ್ಕೆ ಯಾರು, ನಾನಾ?” ಕರ್ನಲ್ ಪ್ರಸನ್ನ ಆ ಧನಿಯ ಮಗ.

“ಅವರೇ ಬೇಕಾ?”

“ಬೇರೆ ಕರ್ನಲ್‌ನ ಜೆರಾಕ್ಸ್ ನನ್ನ ಹತ್ರ ಇಲ್ಲ,” ಅಂದ ಶುಕೂರ್.

*

ಪಾಲೆತ್ತಡ್ಕ ಮನೆಯ ಅಂಗಳಕ್ಕೆ ಈಗ ಇಂಟರ್‌ಲಾಕ್ ಕಲ್ಲು ಹಾಕಿದ್ದಾರೆ. ಸಗಣಿ ಸಾರಿಸಿದ್ದ ಕಾಲದಲ್ಲಿ ತನಿಯ ಎಲ್ಲಿ ನಿಲ್ಲುತ್ತಿದ್ದನೋ ಅಲ್ಲೇ ಸಂಕಪ್ಪ ನಿಂತ. ಅವನು ಆರಿಸಿದ್ದಲ್ಲ, ಕಾಲು ಅಲ್ಲಿ ತಾನಾಗಿ ನಿಂತಿತು.

ವರಾಂಡದಲ್ಲಿ ಕರ್ನಲ್ ಪ್ರಸನ್ನ ಚಡ್ಡಿ, ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದರು. ಪಕ್ಕದಲ್ಲಿ ಕರುವಿನಷ್ಟು ದೊಡ್ಡ ನಾಯಿ. ಅದರ ಹೆಸರು ಮಾರ್ಷಲ್. ಕರ್ನಲ್ ಆಗಿ ನಿವೃತ್ತರಾದವರು ಮಾರ್ಷಲ್‌ನನ್ನು ಹಗ್ಗ ಕಟ್ಟಿ ಸಾಕುವುದರಲ್ಲಿ ಏನು ಸುಖವಿದೆ ಎಂದು ಸೈನ್ಯದಲ್ಲಿ ಬಡ್ತಿ ತಪ್ಪಿದವರಿಗೆ ಮಾತ್ರ ಗೊತ್ತು.

“ಯಾರದು?”

“ನಾನು ಸಂಕಪ್ಪ, ಧನಿ. ತನಿಯನ ಮಗ.”

“ಧನಿ ಅಲ್ಲ. ಸರ್.”

“ಸರ್.”

ಕರ್ನಲ್ ಪೇಪರ್ ಮಡಚಿದರು. ಇವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಹಾಗೇ ಇದ್ದಕ್ಕಿದ್ದಂತೆ, ಮೂರು ತೋಟಕ್ಕೆ ಕೇಳುವ ಹಾಗೆ, “ಸಾವ್‌ಧಾನ್!” ಎಂದು ಗದರಿದರು.

ಸಂಕಪ್ಪನ ಹಿಮ್ಮಡಿಗಳು ಟಪ್ಪೆಂದು ಕೂಡಿಕೊಂಡವು. ಕೈಗಳು ತೊಡೆಗೆ ಅಂಟಿದವು. ಎದೆ ಮುಂದೆ ಬಂತು. ಹವಾಯಿ ಚಪ್ಪಲಿಯ ಒಂದು ಬಾರು ಕಿತ್ತುಹೋಯಿತು.

“ನೋಡು, ನೋಡು!” ಕರ್ನಲ್ ಒಳಗಿದ್ದ ಹೆಂಡತಿಯನ್ನು ಕರೆದು ತೋರಿಸಿದರು. “ಇಪ್ಪತ್ತು ವರ್ಷ ಆಯ್ತು, ಮೈ ಮರ್ತಿಲ್ಲ. ಮಂಡೆಯಲ್ಲಿ ಮಾತ್ರ ಎಂತ ಇಲ್ಲದ್ದು.” ಮೇಡಂ ಬಾಗಿಲಿಗೆ ಬಂದು ನೋಡಿ ನಕ್ಕು ಒಳಗೆ ಹೋದರು. ಕಾಲು ಅಗಲಿಸಿ ಕೈ ಬೆನ್ನ ಹಿಂದೆ ಕಟ್ಟಲು ಬಿಡುವ ‘ವಿಶ್ರಾಮ್’ ಎನ್ನಲು ಕರ್ನಲ್ ಮರೆತರು. ಮಾತು ಮುಗಿಯುವವರೆಗೆ ಸಂಕಪ್ಪ ಹಾಗೇ ನಿಂತಿದ್ದ.

ಕರ್ನಲ್ ಅವನು ತಂದ ಅರ್ಜಿಯ ಮೇಲೆ ಕಣ್ಣಾಡಿಸಿ, ಡಿಸ್ಚಾರ್ಜ್ ಬುಕ್ಕನ್ನು ಹೆಬ್ಬೆರಳಲ್ಲಿ ಸರಸರ ತಿರುವಿದರು. “ನಾಲ್ಕು ಕೆಂಪು. ಶಾಭಾಸ್. ಮಗಳಿಗೆ ಸೀಟು ಬೇಕಾ? ನಿಮಗೆ ಜಾತಿ ಕೋಟಾ ಒಂದು ಸಾಲ್ದಾ? ಮಿಲ್ಟ್ರಿದೂ ಬೇಕಾ? ನಾವೆಲ್ಲ ಎಲ್ಲಿಗೆ ಹೋಗುದು, ಸಮುದ್ರಕ್ಕಾ?”

“ಆ ಪಟ್ಟಿಯಲ್ಲಿ ತಪ್ಪಿತು, ಸರ್. ಸ್ವಲ್ಪದ್ರಲ್ಲಿ.”

“ನಾಲ್ಕನೇದು ಎಂತ, ಪ್ರಿಜುಡಿಶಿಯಲ್ ಕಂಡಕ್ಟು? ಎಂತ ಮಾಡಿದ್ದಿ?”

ಸಂಕಪ್ಪ ಹೇಳಿದ. ಶುಕೂರ್ ನಕ್ಕ ಜಾಗದಲ್ಲಿ ಕರ್ನಲ್ ನಗಲಿಲ್ಲ. ಮಾರ್ಷಲ್‌ನ ತಲೆ ಸವರಿದರು.

“ಬೇವರ್ಸಿ. ಅದು ಕಳ್ಳತನ. ಅದಿರ್ಲಿ, ನಿನ್ನ ಹಣೆಬರಹ. ರೆಕಾರ್ಡ್ ಆಫೀಸಲ್ಲಿ ಈಗ ಕೂತವನು ನನ್ನ ಬ್ಯಾಚ್‌ಮೇಟ್. ನಾನೊಂದು ಕಾಗದ ಬರ್ದು ಒಂದು ಫೋನ್ ಹಾಕಿದ್ರೆ ಹದಿನೈದು ದಿನದಲ್ಲಿ ಮುಗೀತದೆ. ಆದ್ರೆ ನಿನ್ನ ನಡತೆ ಒಳ್ಳೇದು ಅಂತ ನಾನು ಬರೀಬೇಕಾದ್ರೆ, ನಾನು ಅದನ್ನು ನೋಡ್ಬೇಕಲ್ಲ? ಪೊಕ್ಕಡೆ, ಸುಮ್ಮನೆ ಸಹಿ ಹಾಕುವ ಜನ ಅಲ್ಲ ನಾನು. ಒಂದು ತಿಂಗಳು ಇಲ್ಲಿ ಬಾ. ರಬ್ಬರ್ ಮುಗ್ಸಿ ಬಾ. ಮಾರ್ಷಲ್‌ನ ಸ್ನಾನ, ವಾಕಿಂಗ್, ಊಟ. ನಾಯಿಯಲ್ಲಿ ತಪ್ಪಿದವ ನಾಯಿಯಲ್ಲೇ ಸರಿಯಾಗ್ಬೇಕು. ಇದಕ್ಕೆ ಟ್ರೈನಿಂಗ್ ಅಂತ ಹೇಳುದು.”

ಸಂಬಳದ ಮಾತು ಬರಲಿಲ್ಲ. ತರಬೇತಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ?

*

ಜುಲೈ ಹದಿನೈದರಿಂದ ಸಂಕಪ್ಪನ ತರಬೇತಿ ಶುರುವಾಯಿತು. ಮಾರ್ಷಲ್ ಚಳಿ ದೇಶದ ಜಾತಿ. ಇಲ್ಲಿಯ ಸೆಕೆಗೆ ಅದರ ಮೈ ಹುಣ್ಣಾಗುತ್ತಿತ್ತು, ಮಳೆಗೆ ಕಾಲು ಸಂದಿಯಲ್ಲಿ ಉಣ್ಣಿ ತುಂಬುತ್ತಿತ್ತು. ಉಣ್ಣಿ ಒಂದೊಂದಾಗಿ ಕಿತ್ತು ಸೀಮೆಎಣ್ಣೆಗೆ ಹಾಕಬೇಕು. ಬಿಸಿನೀರು, ಶಾಂಪೂ, ಟವೆಲು, ಆಮೇಲೆ ಕೂದಲು ಒಣಗಿಸುವ ಯಂತ್ರ. ಹನ್ನೊಂದು ಗಂಟೆಗೆ ಅದಕ್ಕೆ ಅನ್ನ, ಕೋಳಿ. ಸಂಕಪ್ಪನಿಗೆ ಚಹಾ.

ಚಹಾದ ವಿಷಯದಲ್ಲಿ ಪಾಲೆತ್ತಡ್ಕ ಮನೆ ಬಹಳ ಮುಂದುವರಿದಿದೆ. ಅಜ್ಜನಿಗೆ ಅಲ್ಲಿ ತೆಂಗಿನ ಗೆರಟೆಯಲ್ಲಿ ಕೊಡುತ್ತಿದ್ದರು. ಅಪ್ಪನಿಗೆ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಟ್ಟ ಒಂದು ಅಲ್ಯೂಮಿನಿಯಂ ಲೋಟವಿತ್ತು. ಸಂಕಪ್ಪನಿಗೆ ಪೇಪರ್ ಕಪ್ಪು. ಕುಡಿದು ಎಸೆದರಾಯಿತು, ತೊಳೆಯುವ ತಾಪತ್ರಯವೂ ಇಲ್ಲ, ಮುಟ್ಟುವ ಪ್ರಶ್ನೆಯೂ ಇಲ್ಲ, ಯಾರೂ ಕೇಸು ಹಾಕುವಂತೆಯೂ ಇಲ್ಲ. ಮಾರ್ಷಲ್‌ಗೆ ಮಾತ್ರ ಹೆಸರು ಕೊರೆದ ಸ್ಟೀಲಿನ ಬಟ್ಟಲು. ಅದನ್ನು ಮೇಡಂ ಸ್ವತಃ ತೊಳೆಯುತ್ತಿದ್ದರು.

ದಿನಕ್ಕೊಮ್ಮೆ, ಹೊತ್ತು ಹೋಗದಾಗ, ಕರ್ನಲ್ ವರಾಂಡದಿಂದ “ಸಾವ್‌ಧಾನ್!” ಎಂದು ಕೂಗುತ್ತಿದ್ದರು. ಶಾಂಪೂ ನೊರೆಯ ನಡುವೆ ಸಂಕಪ್ಪ ಎದ್ದು ನೆಟ್ಟಗಾಗುತ್ತಿದ್ದ. ಮನೆಗೆ ಬಂದ ನೆಂಟರಿಗೂ ಇದನ್ನು ತೋರಿಸಿದರು. ನೆಂಟರ ಮಕ್ಕಳು ತಾವೂ ಕೂಗಿ ನೋಡಿದರು. ಮಕ್ಕಳು ಕೂಗಿದರೂ ಹಿಮ್ಮಡಿ ಕೂಡುತ್ತದೆ ಎಂದು ತಿಳಿದಾಗ ಮಕ್ಕಳಿಗಿಂತ ಹೆಚ್ಚು ಗಾಬರಿಯಾದದ್ದು ಸಂಕಪ್ಪನಿಗೆ.

ಮನೆಯಲ್ಲಿ ಅವನು ಅನ್ನ ಕಲಸುವಾಗ ನಿಶ್ಮಿತಾ ಮೂಗು ಎಳೆದಳು. “ಅಪ್ಪ, ನಿನ್ನ ಕೈ ಶಾಂಪೂ ಪರಿಮಳ ಬರ್ತದೆ.”

“ಇಷ್ಟು ವರ್ಷ ರಬ್ಬರ್ ಹಾಲಿನ ನಾತ ಕುಡಿದಾಯ್ತು,” ಅಂದಳು ಹೆಂಡತಿ ಬೇಬಿ. “ಈಗ ದೊಡ್ಡ ಮನೆ ಪರಿಮಳ. ಪುಣ್ಯ ಬೇಕು.”

“ನಾಯಿಗೆ ಎಷ್ಟು ಪ್ರಾಯ ಅಪ್ಪ?”

“ಐದು.”

“ಹುಟ್ಟುಹಬ್ಬ ಯಾವಾಗ? ಹೇಳು, ನಾನೂ ಬರ್ತೇನೆ. ಉಪ್ಪು ಸರಿ ಉಂಟಾ ನೋಡ್ಲಿಕ್ಕೆ.”

ಸಂಕಪ್ಪ ನಕ್ಕ. ಒಂದು ತಿಂಗಳು ತಾನೇ. ಮುನ್ನೂರು ಮರಕ್ಕೆ ಕತ್ತಿ ಎಳೆದು ಬಂದವನಿಗೆ ಒಂದು ನಾಯಿ ಹೆಚ್ಚಲ್ಲ ಅಂದುಕೊಂಡ.

*

ಆಗಸ್ಟ್ ಹದಿನಾಲ್ಕಕ್ಕೆ ತಿಂಗಳು ತುಂಬಿತು. ಕರ್ನಲ್ ಅವನನ್ನು ಮೆಟ್ಟಿಲ ಬುಡಕ್ಕೆ ಕರೆದು ಎರಡು ಕಾಗದ ತೋರಿಸಿದರು. ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿತ್ತು. ‘ಇವರ ನಡತೆಯನ್ನು ನಾನು ಖುದ್ದಾಗಿ ಗಮನಿಸಿದ್ದು, ಉತ್ತಮವಾಗಿರುತ್ತದೆ.’ ಅಡಿಯಲ್ಲಿ ಹಸಿರು ಶಾಯಿಯ ಸಹಿ, ಸೀಲು. ಸಂಕಪ್ಪ ಕೈ ಚಾಚಿದ. ಕರ್ನಲ್ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು. ಊಟದ ಸಾಲಿನ ಹವಾಲ್ದಾರ ತಟ್ಟೆ ಎಳೆದುಕೊಂಡದ್ದೂ ಇಷ್ಟೇ ಮೆಲ್ಲಗೆ.

“ನಾಳೆ. ಯುವಕ ಮಂಡಲದವರು ಇಲ್ಲೇ ಅಂಗಳದಲ್ಲಿ ಬಾವುಟ ಹಾರಿಸ್ತಾರೆ. ಶಾಲೆ ಮಕ್ಕಳು, ಊರವ್ರು ಎಲ್ಲ ಬರ್ತಾರೆ. ಎಲ್ಲರ ಎದುರು ಈ ಎರಡನೇ ಕಾಗದ ಓದು. ನಮ್ಮ ಕ್ರಮ ಗೊತ್ತುಂಟಲ್ಲ? ದೈವದ ಎದುರು ತಪ್ಪುಕಾಣಿಕೆ ಇಡ್ತೇವಲ್ಲ, ಹಾಗೆ. ಒಂದೊಂದು ತಪ್ಪು ಹೇಳುದು, ಒಂದೊಂದು ನಾಣ್ಯ ಎಲೆಯ ಮೇಲೆ ಇಡುದು. ನಾಲ್ಕು ತಪ್ಪು, ನಾಲ್ಕು ನಾಣ್ಯ. ಆಮೇಲೆ ನಾನು ಫೋಲ್ಡರ್ ಕೊಡುದು. ಯುವಕರಿಗೆ ಅದೊಂದು ಪಾಠ.”

ಯುವಕ ಮಂಡಲದ ಕಾರ್ಯದರ್ಶಿ ಅಶ್ವಿತ್ ಆಗಲೇ ಗೇಟಿಗೆ ಫ್ಲೆಕ್ಸ್ ಕಟ್ಟುತ್ತಿದ್ದ. ಕರ್ನಲ್ ಅವರ ದೊಡ್ಡ ಫೋಟೋ, ಮಾರ್ಷಲ್‌ನ ಸಣ್ಣ ಫೋಟೋ. ಸಂಕಪ್ಪನ ಫೋಟೋ ಸಿಗಲಿಲ್ಲವೆಂದು ಸೆಲ್ಯೂಟ್ ಹೊಡೆಯುತ್ತಿರುವ ಒಂದು ಕಪ್ಪು ನೆರಳು. ಕೆಳಗೆ, ‘ದಾರಿ ತಪ್ಪಿದ ಯೋಧನಿಗೆ ಕ್ಷಮಾದಾನ. ಸರ್ವರಿಗೂ ಸ್ವಾಗತ. ಸಿಹಿತಿಂಡಿ ಇದೆ.’

ಸಂಕಪ್ಪ ಎರಡನೆಯ ಕಾಗದ ಓದಿದ. ನಾಲ್ಕನೆಯ ಸಾಲಿನಲ್ಲಿ ‘ಮೇಲಧಿಕಾರಿಗಳ ಮನೆಯಿಂದ ಆಹಾರ ಕದ್ದೆ’ ಎಂದಿತ್ತು.

“ಕದ್ದದ್ದಲ್ಲ ಸರ್. ತಿಂದದ್ದು.”

“ಎಂತ ವ್ಯತ್ಯಾಸ?”

“ಕದ್ದಿದ್ರೆ ಅಡಗ್ಸಿ ಇಡ್ತಿದ್ದೆ.”

“ಅಧಿಕಪ್ರಸಂಗ ಬೇಡ. ಬರ್ದದ್ದನ್ನು ಓದು. ಮತ್ತೆ ಇನ್ನೊಂದು ವಿಷಯ.” ಕರ್ನಲ್ ಸ್ವರ ಇಳಿಸಿದರು, ಉಪಕಾರ ಮಾಡುವವರ ಸ್ವರ. “ಮೇಡಂಗೆ ಮೊಣಕಾಲು ನೋವು ಜೋರುಂಟು. ನಾಡಿದ್ದಿನಿಂದ ನಿನ್ನ ಮಗಳನ್ನು ಕಳ್ಸು. ಎಣ್ಣೆ ಉಜ್ಜುದು, ಬಾತ್‌ರೂಮಿಗೆ ಕರ್ಕೊಂಡು ಹೋಗುದು. ನರ್ಸಿಂಗ್ ಓದುವವ್ಳಲ್ವಾ, ಕೈ ಪಳಗ್ತದೆ. ಬರುವ ವರ್ಷದವರೆಗೆ ಮನೆಯಲ್ಲಿ ಕೂತು ಎಂತ ಮಾಡ್ತಾಳೆ? ಇಲ್ಲಿ ಇದ್ರೆ ನನಗೂ ಫೋನ್ ಹಾಕ್ಲಿಕ್ಕೆ ನೆನಪಾಗ್ತದೆ.”

ಅಂದರೆ ಫೋನ್ ಇನ್ನೂ ಹಾಕಿಲ್ಲ. ಸಂಕಪ್ಪ “ಹೂಂ” ಅಂದ. ಆ ಅಂಗಳದಲ್ಲಿ ಅವನ ಮನೆತನಕ್ಕೆ ಗೊತ್ತಿದ್ದ ಉತ್ತರ ಅದೊಂದೇ.

ಸಂಜೆ ಮನೆಯಲ್ಲಿ ವಿಷಯ ಹೇಳಿದ. ಮಗಳು ರೇಗುತ್ತಾಳೆ, ‘ಹೋಗುದಿಲ್ಲ’ ಎಂದು ಕೂಗಾಡುತ್ತಾಳೆ, ಆಗ ತಾನು ಸಮಾಧಾನ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ನಿಶ್ಮಿತಾ ರೇಗಲಿಲ್ಲ. ಒಗೆದ ಬಟ್ಟೆ ಮಡಚುತ್ತಿದ್ದವಳು ಮಡಚುತ್ತಲೇ ಇದ್ದಳು.

“ಹೋಗ್ತೇನೆ. ಸೀಟು ಸಿಗುವವರೆಗೆ ತಾನೇ.” ಒಂದು ಅಂಗಿ ಮಡಚಿಟ್ಟು ಕೇಳಿದಳು, “ಪೇಪರ್ ಕಪ್ಪು ಅವ್ರೇ ಕೊಡ್ತಾರಾ, ನಾನು ತಕ್ಕೊಂಡು ಹೋಗ್ಬೇಕಾ?”



*

ಮರುದಿನ ಬೆಳಿಗ್ಗೆ ಮಳೆ ಒಂದು ಗಂಟೆ ಬಿಟ್ಟುಕೊಟ್ಟಿತು. ಅಂಗಳದ ತುದಿಯಲ್ಲಿ, ಇಂಟರ್‌ಲಾಕ್ ಮುಗಿದು ಕೆಸರು ಶುರುವಾಗುವಲ್ಲಿ, ಧ್ವಜಸ್ತಂಭ. ಬಾವುಟ ಹಾರಿತು. ಶಾಲೆಯ ಮಕ್ಕಳು ಹಾಡಿ, ಲಾಡು ಇಟ್ಟ ಮೇಜಿನ ಮೇಲೆ ಕಣ್ಣಿಟ್ಟು ಕೂತರು. ಪೈಲಿ ಚೇಟ್ಟ ಬಂದಿದ್ದ, ಶುಕೂರ್ ಕಡಬದಿಂದ ಬೈಕಿನಲ್ಲಿ ಬಂದಿದ್ದ. ಬೇಬಿ, ನಿಶ್ಮಿತಾ ಹಿಂದಿನ ಸಾಲಿನಲ್ಲಿ ನಿಂತಿದ್ದರು. ವರಾಂಡದ ಕಂಬಕ್ಕೆ ಮಾರ್ಷಲ್‌ನನ್ನು ಕಟ್ಟಿದ್ದರು, ಕೊರಳಿಗೆ ತ್ರಿವರ್ಣದ ರಿಬ್ಬನ್.

ವೀಳ್ಯದೆಲೆಯ ಹರಿವಾಣ ಹಿಡಿದು ನಿಲ್ಲಲು ಕರ್ನಲ್ ಮುದುಕ ಕುಂಞಣ್ಣನನ್ನು ಕರೆಸಿದ್ದರು. ಊರಿನ ದೈವದ ಗುಡಿಯಾದ ಸಾನದಲ್ಲಿ ನಲವತ್ತು ವರ್ಷದಿಂದ ತಪ್ಪುಕಾಣಿಕೆಯ ಹರಿವಾಣ ಹಿಡಿಯುವವನು ಅವನೇ. ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೆ. ಆದರೆ ನಾಣ್ಯ ಎಲೆಯ ಮೇಲೆ ಬಿದ್ದರೆ ಮುಂದೇನು ಎಂದು ಅವನ ಬಾಯಿಗೆ ಗೊತ್ತು.

ಅಶ್ವಿತ್ ಮೈಕು ಕೊಟ್ಟ. ಸಂಕಪ್ಪ ಧ್ವಜಸ್ತಂಭದ ಬುಡದಲ್ಲಿ ನಿಂತು ಕಾಗದ ಬಿಚ್ಚಿದ.

“ಒಂದನೇ ತಪ್ಪು. ರಜೆ ಮುಗ್ದು ಹನ್ನೊಂದು ದಿನ ತಡ ಮಾಡಿದೆ.” ಒಂದು ನಾಣ್ಯ ಇಟ್ಟ. “ಎರಡನೇದು. ಕಾವಲಿನಲ್ಲಿ ಕುಡ್ದು ಮಲಗಿದೆ.” ಎರಡನೆಯ ನಾಣ್ಯ. “ಮೂರನೇದು. ಹವಾಲ್ದಾರನ ಹಲ್ಲು ಉದುರ್ಸಿದೆ.” ಮೂರನೆಯ ನಾಣ್ಯ.

ನಾಲ್ಕನೆಯ ಸಾಲಿಗೆ ಬಂದು ಅವನು ನಿಂತುಬಿಟ್ಟ. ‘ಕದ್ದೆ’ ಎಂಬ ಎರಡಕ್ಷರದ ಮೇಲೆ ಕಣ್ಣು ನೆಟ್ಟಿತ್ತು. ಆ ಮೌನವನ್ನು ಕುಂಞಣ್ಣ ತನಗೆ ಗೊತ್ತಿದ್ದ ಹಾಗೆ ತಿಳಿದುಕೊಂಡ. ತಪ್ಪು ಹೇಳಿ ಮುಗಿಯಿತು ಎಂದುಕೊಂಡು ನಲವತ್ತು ವರ್ಷದ ರೂಢಿಯ ರಾಗದಲ್ಲಿ ಕೇಳಿದ:

“ಅರಿಕೆ ಉಂಟಾ?”

ಗುಂಪಿನ ಹಿರಿಯರು ಸರಿದು ಕೂತರು. ಕರ್ನಲ್ ಮೂವತ್ತೆರಡು ವರ್ಷ ಊರಿನಲ್ಲಿರಲಿಲ್ಲ, ಕ್ರಮದ ಮೊದಲರ್ಧ ಮಾತ್ರ ಅವರಿಗೆ ನೆನಪಿತ್ತು. ಕಾಣಿಕೆ ಇಟ್ಟವನಿಗೆ ಒಂದು ಅರಿಕೆ ಹೇಳುವ ಹಕ್ಕುಂಟು. ಅದು ಮುಗಿಯುವವರೆಗೆ ಗುತ್ತಿನ, ಅಂದರೆ ಊರಿನ ದೊಡ್ಡ ಮನೆಯ ಯಜಮಾನನೂ ನಡುವೆ ಬಾಯಿ ಹಾಕುವಂತಿಲ್ಲ.

“ಉಂಟು,” ಅಂದ ಸಂಕಪ್ಪ.

“ಎಂತ ಅರಿಕೆ? ನಾಲ್ಕನೇದು ಓದು,” ಎಂದರು ಕರ್ನಲ್.

“ಸ್ವಲ್ಪ ತಡೀರಿ,” ಗುಂಪಿನಿಂದ ಒಬ್ಬ ಅಜ್ಜನ ಸ್ವರ. “ಕೇಳಿದ್ದಾಗಿದೆ. ಹೇಳ್ಲಿ.”

ಸಂಕಪ್ಪ ಕಾಗದ ಮಡಚಿ ಅಂಗಿಯ ಜೇಬಿಗೆ ಹಾಕಿದ. ಮೈಕು ಬಾಯಿಗೆ ತೀರಾ ಹತ್ತಿರವಿತ್ತು, ಉಸಿರು ಮೂರು ತೋಟಕ್ಕೆ ಕೇಳುತ್ತಿತ್ತು.

“ನಾಲ್ಕನೇದು ಮಟನಿದ್ದು,” ಅಂದ. “ಮೇಜರ್ ಸಾಹೇಬ್ರ ನಾಯಿಗೆ ನಾಲ್ಕು ವರ್ಷ ತುಂಬಿತ್ತು. ಅದಕ್ಕೆ ಎರಡು ಕಿಲೋ ಮಟನ್, ಕೇಕು. ಮಾಡಿದ ನಮಗೆ ದಾಲು. ಮಟನ್ ನಾವು ತಿಂದೆವು, ದಾಲು ನಾಯಿಗೆ ಹಾಕಿದೆವು. ಉಪ್ಪು ಸ್ವಲ್ಪ ಕಮ್ಮಿ ಇತ್ತು.”

ಮೊದಲು ನಕ್ಕದ್ದು ನಿಶ್ಮಿತಾ. ಆಮೇಲೆ ಶುಕೂರ್. ಆಮೇಲೆ ಲಾಡು ಕಾಯುತ್ತಿದ್ದ ಮಕ್ಕಳು, ಯಾಕೆಂದು ಗೊತ್ತಿಲ್ಲದೆ. ಪೈಲಿ ಚೇಟ್ಟ ಕೊಡೆಯ ಹಿಡಿಯಿಂದ ನೆಲ ಕುಟ್ಟುತ್ತಾ ನಕ್ಕ. ಅಶ್ವಿತ್ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದವನು ನಗು ತಡೆಯಲು ತುಟಿ ಕಚ್ಚಿಕೊಂಡ, ಆದರೆ ಮೊಬೈಲು ಇಳಿಸಲಿಲ್ಲ.

“ಇದು ತಪ್ಪು ಅಂತ ನನಗೆ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕಂಡಿಲ್ಲ. ಕಾಣದ್ದಕ್ಕೆ ಕಾಣಿಕೆ ಇಡುದು ಹೇಗೆ? ಮತ್ತೆ ಇನ್ನೊಂದು. ನಾಳೆಯಿಂದ ಮಗಳನ್ನು ಈ ಮನೆಗೆ ಕಳ್ಸು ಅಂತ ಹೇಳಿದ್ದಾರೆ. ನನ್ನ ಅಜ್ಜ ಇಲ್ಲಿ ಹಟ್ಟಿ ತೆಗ್ದ. ಅಪ್ಪ ಗದ್ದೆ ಉತ್ತ. ನಾನು ಒಂದು ತಿಂಗಳು ನಾಯಿ ಮೀಸಿದೆ. ಮಗಳು ಬರುದಿಲ್ಲ.” ಅವನು ಕುಂಞಣ್ಣನ ಕಡೆ ತಿರುಗಿದ. “ನನ್ನ ಅರಿಕೆ ಆಯ್ತು.”

ನಗು ನಿಂತಿತ್ತು. ಬಾಗಿಲಲ್ಲಿ ಮೇಡಂ ಕುರ್ಚಿಯಿಂದ ಏಳಲು ನೋಡಿ ಮತ್ತೆ ಕೂತರು. ಕರ್ನಲ್‌ರ ಮುಖ ಕೆಂಪೇರಿತ್ತು, ಐದನೆಯ ಕೆಂಪು ಸಾಲಿಗೆ ಸಾಕಾಗುವಷ್ಟು. ಅವರು ಫೋಲ್ಡರನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು. ಅದರೊಳಗೆ ಹಸಿರು ಸಹಿ, ಸೀಲು, ‘ಉತ್ತಮ’.

“ಇದು ಬೇಕಾ, ಬೇಡ್ವಾ?”

ಬೇಕಾಗಿತ್ತು. ಅದು ಎಷ್ಟು ಬೇಕಾಗಿತ್ತೆಂದು ಹಿಂದಿನ ಸಾಲಿನಲ್ಲಿ ನಿಂತ ಎರಡು ಜೀವಕ್ಕೂ ಗೊತ್ತಿತ್ತು. ಸಂಕಪ್ಪ ಆ ಕಡೆ ನೋಡಿದ. ಬೇಬಿ ಸೆರಗಿನ ತುದಿ ಬಾಯಿಗೆ ಒತ್ತಿ ಹಿಡಿದಿದ್ದಳು. ನಿಶ್ಮಿತಾ ಫೋಲ್ಡರನ್ನು ನೋಡುತ್ತಿರಲಿಲ್ಲ, ಅಪ್ಪನ ಕಾಲನ್ನು ನೋಡುತ್ತಿದ್ದಳು.

“ನಾಲ್ಕನೇ ನಾಣ್ಯ ಇಡು. ‘ಕದ್ದೆ’ ಅಂತ ಹೇಳು. ತಕ್ಕೊಂಡು ಹೋಗು.”

ಕುಂಞಣ್ಣ ಹರಿವಾಣ ಹಿಡಿದೇ ನಿಂತಿದ್ದ. ಎಲೆಯ ಮೇಲೆ ಮೂರು ನಾಣ್ಯ. ಸಂಕಪ್ಪ ಮೈಕನ್ನು ಅಶ್ವಿತ್‌ನ ಕೈಗೆ ಕೊಟ್ಟ.

“ಇಡುದಿಲ್ಲ ಧನಿ.”

“ಸಾವ್‌ಧಾನ್!”

ಬಲಗಾಲು ಎದ್ದುಬಿಟ್ಟಿತು. ಇಪ್ಪತ್ತು ವರ್ಷದಿಂದ ಅವನನ್ನು ಕೇಳದೆ ಏಳುತ್ತಿದ್ದ ಕಾಲು. ಸಂಕಪ್ಪ ತಲೆ ಬಗ್ಗಿಸಿ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ಅದನ್ನು ನೋಡಿದ. ಆಮೇಲೆ ಅದನ್ನು ಎಡಗಾಲಿನ ಹತ್ತಿರಕ್ಕೆ ತರಲಿಲ್ಲ. ಇನ್ನಷ್ಟು ಆಚೆಗೆ ಒಯ್ದು, ಇಂಟರ್‌ಲಾಕ್ ದಾಟಿ, ಕೆಸರಿನಲ್ಲಿ ಊರಿದ.

“ಸಾವ್‌ಧಾನ್! ಕೇಳುದಿಲ್ವಾ ನಾಯಿ ಮಗನೇ, ಸಾವ್‌ಧಾನ್!”

ವರಾಂಡದಲ್ಲಿ ಮಾರ್ಷಲ್ ಎದ್ದು ಕಿವಿ ನಿಮಿರಿಸಿ ನೆಟ್ಟಗೆ ನಿಂತಿತು. ಸಂಕಪ್ಪ ಎರಡೂ ಕಾಲು ಅಗಲಿಸಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಮಳೆ ಮತ್ತೆ ಹನಿಯತೊಡಗಿತು. ಅವನು ಕದಲಲಿಲ್ಲ.